ತಾಳ ತಪ್ಪಿದ ಎಂಜಿನ್ನು

ಆರೋಗ್ಯವಾಗಿರುವ ಮನುಷ್ಯನಿಗೆ ತನ್ನ ಎದೆಯ ಬಡಿತ ಕೇಳಿಸುವುದಿಲ್ಲ. ಅದು ತಾಳ ತಪ್ಪಿದ ದಿನವೇ ತನ್ನೊಳಗೆ ಹೃದಯವೆಂಬುದೊಂದು ದುಡಿಯುತ್ತಿದೆಯೆಂಬ ಅರಿವು ಅವನಿಗಾಗುವುದು. ಎಂಜಿನ್ನಿನ ವಿಷಯವೂ ಹೀಗೆಯೇ. ನೆಲದ ಮೇಲೆ ಓಡುವ ವಾಹನದ ಎಂಜಿನ್ನು ತಾಳ ತಪ್ಪಿದರೆ ಅದನ್ನು ರಸ್ತೆಯ ಬದಿಗೆ ನಿಲ್ಲಿಸಿ, ಮುಚ್ಚಳವನ್ನೆತ್ತಿ, ಸುತ್ತ ನೆರೆದವರ ಸಲಹೆಗಳನ್ನೆಲ್ಲ ಕೇಳಿಸಿಕೊಳ್ಳುವಷ್ಟು ವ್ಯವಧಾನ ನಮಗಿರುತ್ತದೆ. ಆಕಾಶದಲ್ಲಿ ರಸ್ತೆಯ ಬದಿ ಎಂಬುದಿಲ್ಲ. ಆದ್ದರಿಂದಲೇ ಸಣ್ಣ ವಿಮಾನದ ಎಂಜಿನ್ನು ಒರಟಾಗಿ ಓಡತೊಡಗಿದಾಗ ಅದರ ಕಾರಣವನ್ನು ಪತ್ತೆ ಹಚ್ಚುವ ಕೆಲಸ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಆ ವಿಮಾನ ಒಬ್ಬಾತ ತನ್ನ ಮನೆಯಲ್ಲಿ ತಾನೇ ಕಟ್ಟಿದ್ದಾದರೆ ಈ ಶಾಸ್ತ್ರ ಇನ್ನಷ್ಟು ಸೂಕ್ಷ್ಮವಾಗುತ್ತದೆ.

ಮನೆಯಲ್ಲಿ ವಿಮಾನ ಕಟ್ಟುವುದು ಉಂಟೇ ಎಂದು ಕೇಳುಗರು ಆಶ್ಚರ್ಯಪಡಬಹುದು. ವಿಮಾನದ ಇತಿಹಾಸ ಆರಂಭವಾದದ್ದೇ ಹಾಗೆ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿ ಹಾರಿದ ರೈಟ್ ಸೋದರರ ವಿಮಾನ ರೂಪುಗೊಂಡದ್ದು ಅವರ ಸೈಕಲ್ ಅಂಗಡಿಯಲ್ಲಿ. ಅದರ ಸುಮಾರು 12 ಅಶ್ವಶಕ್ತಿಯ ಎಂಜಿನ್ನನ್ನು ಕಟ್ಟಿಕೊಟ್ಟವನು ಅದೇ ಅಂಗಡಿಯ ಕುಶಲಕರ್ಮಿ ಚಾರ್ಲ್ಸ್ ಟೇಲರ್. 1929ರಲ್ಲಿ ಮಿನೆಸೋಟ ರಾಜ್ಯದ ಬರ್ನಾರ್ಡ್ ಪೀಟನ್‌ಪೋಲ್ ಎಂಬಾತ ಫೋರ್ಡ್ ಮೋಟಾರು ಕಾರಿನ ಎಂಜಿನ್ನನ್ನೇ ಮರದ ಚೌಕಟ್ಟಿನ ವಿಮಾನವೊಂದಕ್ಕೆ ಜೋಡಿಸಿ ಹಾರಿಸಿದ. 1953ರಲ್ಲಿ ಪಾಲ್ ಪೊಬೆರೆಜ್ನಿ ಮತ್ತು ಅವನ ಗೆಳೆಯರು ಮಿಲ್ವಾಕಿ ನಗರದಲ್ಲಿ ಇಂತಹ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದರು. ಆ ಸಂಘ ಪ್ರತಿವರ್ಷ ಜುಲೈ ತಿಂಗಳಲ್ಲಿ ಆಷ್‌ಕಾಷ್ ಎಂಬ ಊರಿನಲ್ಲಿ ನಡೆಸುವ ಮೇಳಕ್ಕೆ ಸಾವಿರಾರು ವಿಮಾನಗಳು ಬಂದಿಳಿಯುತ್ತವೆ. ಆ ದೇಶದ ಕಾನೂನು ಇಂತಹ ವಿಮಾನಗಳಿಗೆ ಒಂದು ಪ್ರತ್ಯೇಕ ವರ್ಗವನ್ನೇ ಮಾಡಿದೆ. ಕೆಲಸದ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಹವ್ಯಾಸಿಗಳು ಕಲಿಕೆಗಾಗಿಯೋ ವಿನೋದಕ್ಕಾಗಿಯೋ ತಾವೇ ಮಾಡಿರಬೇಕು; ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆಗಳಷ್ಟು ಕಾಲ ಅದನ್ನು ಪರೀಕ್ಷೆಗಾಗಿಯೇ, ಗೊತ್ತುಪಡಿಸಿದ ಪ್ರದೇಶದಲ್ಲಿಯೇ ಹಾರಿಸಬೇಕು. ಅದಾದ ಮೇಲೆ ವರ್ಷಕ್ಕೊಮ್ಮೆ ನಡೆಯಬೇಕಾದ ತಪಾಸಣೆಯನ್ನು, ಅದಕ್ಕೆ ಬೇಕಾದ ಅಧಿಕಾರಪತ್ರವನ್ನು ಪಡೆದುಕೊಂಡು, ಕಟ್ಟಿದಾತನೇ ನಡೆಸಬಹುದು.

ಇಲ್ಲಿಯೇ ನಾವು ಗಮನಿಸಬೇಕಾದ ಒಂದು ತೊಡಕಿದೆ. ಕಟ್ಟಿದವನೂ ಅವನೇ, ಪರೀಕ್ಷಿಸುವವನೂ ಅವನೇ, ಹಾರಿಸುವವನೂ ಅವನೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಲ್ಲಿದೆ. ಐದಾರು ವರ್ಷ ರಜಾದಿನಗಳನ್ನೆಲ್ಲ ಷೆಡ್ಡಿನಲ್ಲಿ ಕಳೆದು, ಮೊಳೆ ಮೊಳೆಯನ್ನೂ ತನ್ನ ಕೈಯಿಂದಲೇ ಬಡಿದು ಕಟ್ಟಿದ ವಿಮಾನ ಕೆಮ್ಮಿದರೆ, ಅದು ನೆಗಡಿಯಷ್ಟೇ ಎಂದುಕೊಳ್ಳುವುದು ಆತನಿಗೆ ಸಹಜ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಲಿ 2012ರಲ್ಲಿ ಈ ವಿಮಾನಗಳನ್ನು ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿತು. ಆ ದೇಶದ ಸಣ್ಣ ಹಾಗೂ ಖಾಸಗಿ ವಿಮಾನಗಳ ಸಮೂಹದಲ್ಲಿ ಮನೆಯಲ್ಲಿ ಕಟ್ಟಿದವು ಶೇಕಡ 10ರಷ್ಟಾದರೂ, 2011ರ ಅಪಘಾತಗಳಲ್ಲಿ ಅವುಗಳ ಪಾಲು ಶೇಕಡ 15, ಪ್ರಾಣಹಾನಿಯಾದ ಅಪಘಾತಗಳಲ್ಲಿ ಶೇಕಡ 21. ಆ ಅಪಘಾತಗಳ ರೀತಿಯನ್ನು ನೋಡಿದರೆ ಎಲ್ಲಕ್ಕಿಂತ ಮುಂದೆ ನಿಂತವು ಎರಡು: ಎಂಜಿನ್ನಿನ ವೈಫಲ್ಯ ಮತ್ತು ಹಾರಾಟದಲ್ಲಿ ಹಿಡಿತ ತಪ್ಪುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹಾಗಾದರೆ ಈ ಕೆಮ್ಮಿನ ಮೂಲವನ್ನು ಹುಡುಕುವುದು ಹೇಗೆ? ಮೊದಲು ಎಂಜಿನ್ನಿನ ಸಹಜ ಲಯವೇನೆಂಬುದನ್ನು ತಿಳಿಯಬೇಕು. ಉದಾಹರಣೆಗೆ, ಇಬ್ಬರು ಕೂರುವ ಇಂತಹ ವಿಮಾನಗಳಲ್ಲಿ ಬಹಳವಾಗಿ ಕಾಣಸಿಗುವ ಲೈಕಮಿಂಗ್ ಕಂಪೆನಿಯ ನಾಲ್ಕು ಸಿಲಿಂಡರುಗಳ, 150 ಅಶ್ವಶಕ್ತಿಯ ಎಂಜಿನ್ನನ್ನು ತೆಗೆದುಕೊಳ್ಳೋಣ. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರುತ್ತದೆ, ಅದುಮಲ್ಪಡುತ್ತದೆ, ಕಿಡಿ ತಗುಲಿ ಉರಿಯುತ್ತದೆ, ಹೊಗೆಯಾಗಿ ಹೊರಹೋಗುತ್ತದೆ. ಎರಡು ಸುತ್ತಿಗೊಮ್ಮೆ ಒಂದು ಉರಿ. ಎಂಜಿನ್ನು ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 20 ಬಾರಿ, ನಾಲ್ಕರಲ್ಲಿಯೂ ಸೇರಿ 80 ಬಾರಿ ಉರಿ ಹತ್ತಬೇಕು. ಈ ಎಂಬತ್ತರಲ್ಲಿ ಇಪ್ಪತ್ತು ತಪ್ಪಿಹೋದರೆ ಇಡೀ ವಿಮಾನ ಗಡಗಡನೆ ನಡುಗುತ್ತದೆ. ಉರಿ ಸರಿಯಾಗಿ ಹತ್ತಬೇಕಾದರೆ ಬೇಕಾದವು ಮೂರೇ: ತಕ್ಕ ಪ್ರಮಾಣದ ಮಿಶ್ರಣ, ತಕ್ಕ ಕಾಲದ ಕಿಡಿ, ಸೋರದ ಸಂಪೀಡನ. ತಾಳ ತಪ್ಪಿದ ಎಂಜಿನ್ನಿನಲ್ಲಿ ಇವುಗಳಲ್ಲೊಂದು ಎಲ್ಲೋ ಕೆಟ್ಟಿರುತ್ತದೆ.

ನುರಿತ ವೈದ್ಯ ರೋಗಿಯನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳುತ್ತಾನೆ. ಇಲ್ಲಿಯೂ ಮೊದಲ ಉಪಕರಣ ಪ್ರಶ್ನೆಯೇ ಹೊರತು ತಿರುಪುಳಿಯಲ್ಲ. ಒರಟುತನ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ನಿಧಾನವಾಗಿ ತಿರುಗುವಾಗಲೋ, ಪೂರ್ಣ ಶಕ್ತಿಯಲ್ಲೋ? ಎಡಗಡೆಯ ತೊಟ್ಟಿಯಿಂದ ಪೆಟ್ರೋಲು ಬರುವಾಗ ಮಾತ್ರವೋ, ಎರಡರಿಂದಲೂ ಬರುವಾಗಲೋ? ಎಲ್ಲಕ್ಕಿಂತ ಮುಖ್ಯವಾಗಿ, ಇದು ಆರಂಭವಾಗುವ ಮೊದಲು ಕಡೆಯದಾಗಿ ಎಂಜಿನ್ನಿನ ಯಾವ ಭಾಗಕ್ಕೆ ಕೈ ಹಾಕಲಾಗಿತ್ತು? ಈ ಉತ್ತರಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ನೆನಪು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತದೆ, ಕಾಗದ ಕೊಡುವುದಿಲ್ಲ.

ಮೊದಲು ಕಿಡಿಯನ್ನು ವಿಚಾರಿಸುವುದು ಸುಲಭ. ಇಂತಹ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್ಗುಗಳಿರುತ್ತವೆ. ಅವುಗಳಿಗೆ ವಿದ್ಯುತ್ತನ್ನು ಒದಗಿಸುವ ಮ್ಯಾಗ್ನೆಟೋಗಳೂ ಎರಡು. ಒಂದು ಕೈಕೊಟ್ಟರೆ ಇನ್ನೊಂದು ಆಗುತ್ತದೆಯೆಂಬುದು ಈ ಏರ್ಪಾಡಿನ ಉದ್ದೇಶ. ಹಾರುವ ಮೊದಲು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1,800 ಸುತ್ತಿನಷ್ಟು ಓಡಿಸುತ್ತ, ಒಂದು ಮ್ಯಾಗ್ನೆಟೋವನ್ನು ನಿಲ್ಲಿಸಿ ಇನ್ನೊಂದರಿಂದಲೇ ನಡೆಸಿ ನೋಡುತ್ತಾರೆ. ಆಗ ಸುತ್ತುಗಳ ಸಂಖ್ಯೆ ಸ್ವಲ್ಪ ಇಳಿಯಬೇಕು. 175ಕ್ಕಿಂತ ಹೆಚ್ಚು ಇಳಿಯಬಾರದು, ಎರಡು ಮ್ಯಾಗ್ನೆಟೋಗಳ ಇಳಿತಗಳ ನಡುವಣ ಅಂತರ 50 ಸುತ್ತನ್ನು ಮೀರಬಾರದು ಎಂಬುದು ಲೈಕಮಿಂಗ್ ಕಂಪೆನಿ ಹಾಕಿರುವ ಸಾಮಾನ್ಯ ಮಿತಿ. ಇಳಿಯುವ ರೀತಿಯೂ ಮಾತಾಡುತ್ತದೆ. ಥಟ್ಟನೆ ಇಳಿದು ಎಂಜಿನ್ನು ಒದರಾಡಿದರೆ ಯಾವುದೋ ಪ್ಲಗ್ಗು ಅಥವಾ ಅದರ ತಂತಿ ಸತ್ತಿದೆಯೆಂದೂ, ನಯವಾಗಿಯೇ ಓಡುತ್ತ ಮೆಲ್ಲಮೆಲ್ಲನೆ ಬಹಳ ಇಳಿದರೆ ಕಿಡಿಯ ಕಾಲವೋ ಮಿಶ್ರಣದ ಪ್ರಮಾಣವೋ ತಪ್ಪಿದೆಯೆಂದೂ ಊಹಿಸಬಹುದು. ಏನೂ ಇಳಿಯದಿದ್ದರೆ ಸಂತೋಷಪಡುವವರುಂಟು. ಅದು ಸಂತೋಷದ ವಿಷಯವಲ್ಲ. ಸ್ವಿಚ್ಚಿನಿಂದ ಮ್ಯಾಗ್ನೆಟೋಗೆ ಹೋಗುವ ತಂತಿ ಕಡಿದಿದ್ದು, ಮ್ಯಾಗ್ನೆಟೋ ನಿಲ್ಲಲೇ ಇಲ್ಲವೆಂಬುದು ಅದರ ಅರ್ಥವಾಗಿರಬಹುದು. ಅಂತಹ ಎಂಜಿನ್ನಿನ ಪ್ರೊಪೆಲರನ್ನು ಯಾರಾದರೂ ಕೈಯಿಂದ ಅಲುಗಿಸಿದರೆ, ಕೀಲಿಕೈ ಜೇಬಿನಲ್ಲಿದ್ದರೂ ಅದು ಉರಿ ಹತ್ತಿ ತಿರುಗಿಬಿಡಬಲ್ಲದು.

ಕೆಟ್ಟ ಮ್ಯಾಗ್ನೆಟೋ ಬದಿ ಯಾವುದೆಂದು ತಿಳಿದ ಮೇಲೆ ಕೆಟ್ಟ ಸಿಲಿಂಡರು ಯಾವುದೆಂದು ತಿಳಿಯಬೇಕು. ಆ ಬದಿಯಿಂದಲೇ ಎಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿ, ನಿಲ್ಲಿಸಿ, ಹೊಗೆಕೊಳವೆಗಳಿಗೆ ಒದ್ದೆ ಬಟ್ಟೆಯನ್ನು ತಾಗಿಸಿದರೆ ಮೂರು ಕೊಳವೆಗಳು ಚುಯ್ ಎನ್ನುತ್ತವೆ. ಉರಿ ಹತ್ತದ ಸಿಲಿಂಡರಿನದು ಸುಮ್ಮನಿರುತ್ತದೆ. ಈಗಿನ ಹಲವು ವಿಮಾನಗಳಲ್ಲಿ ನಾಲ್ಕು ಕೊಳವೆಗಳ ಉಷ್ಣತೆಯನ್ನೂ ಬೇರೆಬೇರೆಯಾಗಿ ತೋರಿಸುವ ಮಾಪಕಗಳಿರುವುದರಿಂದ ಬಟ್ಟೆಯ ಅಗತ್ಯವೂ ಇಲ್ಲ. ಇನ್ನುಳಿದದ್ದು, ತಪ್ಪು ಪ್ಲಗ್ಗಿನದೋ ತಂತಿಯದೋ ಎಂಬ ಪ್ರಶ್ನೆ. ಅದಕ್ಕೊಂದು ಸರಳವಾದ ಉಪಾಯವಿದೆ. ಅನುಮಾನಕ್ಕೊಳಗಾದ ಪ್ಲಗ್ಗನ್ನು ಬಿಚ್ಚಿ ಬೇರೊಂದು ಸಿಲಿಂಡರಿನ ಪ್ಲಗ್ಗಿನೊಡನೆ ಅದಲುಬದಲು ಮಾಡುವುದು. ತೊಂದರೆ ಪ್ಲಗ್ಗಿನ ಬೆನ್ನು ಹತ್ತಿ ಹೊಸ ಮನೆಗೆ ಹೋದರೆ ಅಪರಾಧಿ ಪ್ಲಗ್ಗು. ಹಳೆಯ ಮನೆಯಲ್ಲೇ ಉಳಿದರೆ ತಂತಿ, ಮ್ಯಾಗ್ನೆಟೋ ಅಥವಾ ಸಿಲಿಂಡರೇ. ಸೀಸ ಬೆರೆತ ಪೆಟ್ರೋಲನ್ನು ಸುಡುವ ಎಂಜಿನ್ನುಗಳಲ್ಲಿ ಪ್ಲಗ್ಗಿನ ಬಾಯಿಗೆ ಸೀಸದ ಗುಂಡುಗಳು ಕಟ್ಟಿಕೊಂಡಿರುವುದು ಬಹು ಸಾಮಾನ್ಯ. ಕೆಳಗಡೆಯ ಪ್ಲಗ್ಗುಗಳಾದರೆ ಎಣ್ಣೆಯಲ್ಲಿ ತೊಯ್ದಿರುವುದೂ ಉಂಟು.

ಕಿಡಿ ನಿರ್ದೋಷಿಯೆಂದು ತೀರ್ಮಾನವಾದರೆ ಮಿಶ್ರಣದ ವಿಚಾರಣೆ ಬರುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಹೆಚ್ಚು ಅನುಮಾನಿಸಬೇಕಾದದ್ದು ಈ ಭಾಗವನ್ನೇ. ಎಂಜಿನ್ನು ಕಾರ್ಖಾನೆಯಿಂದ ಬಂದದ್ದಾದರೂ ಇಂಧನದ ತೊಟ್ಟಿ, ಕೊಳವೆಗಳು, ಬಾಗುಗಳು ಕಟ್ಟಿದವನ ಕೈಕೆಲಸವೇ ತಾನೆ? ರಬ್ಬರ್ ಕೊಳವೆಯನ್ನು ಕತ್ತರಿಸುವಾಗ ಉದುರಿದ ಚೂರು, ಸೋರದಂತೆ ಬಳಿದ ಅಂಟಿನ ಸಿಪ್ಪೆ, ಬಿಸಿ ಹೊಗೆಕೊಳವೆಗೆ ತೀರ ಹತ್ತಿರವಾಗಿ ಹಾಯುವ ಇಂಧನದ ನಳಿಕೆ, ಇವೆಲ್ಲ ಇಂತಹ ವಿಮಾನಗಳ ಬಾಲಾರಿಷ್ಟಗಳು. ತೊಟ್ಟಿಯಲ್ಲಿ ನೀರು ಸೇರಿದ್ದರೆ ಅದು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತಿರುತ್ತದೆ. ಪ್ರತಿ ಹಾರಾಟಕ್ಕೂ ಮೊದಲು ತಳದ ಬಿರಡೆಯಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಪಾತ್ರೆಗೆ ಹಿಡಿದು ಬೆಳಕಿಗೆ ಒಡ್ಡಿ ನೋಡುವ ಪದ್ಧತಿ ಇರುವುದು ಇದಕ್ಕಾಗಿಯೇ.

ತೊಟ್ಟಿಗೆ ಗಾಳಿಯಾಡಲು ಒಂದು ಸಣ್ಣ ಕೊಳವೆ ಇರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇದು ಬಲು ಇಷ್ಟವಾದ ಜಾಗ. ಗೂಡು ಕಟ್ಟಿತೆಂದರೆ ಪೆಟ್ರೋಲು ಇಳಿದಂತೆ ತೊಟ್ಟಿಯೊಳಗಿನ ಒತ್ತಡವೂ ಇಳಿಯುತ್ತ ಹೋಗಿ, ಕೆಲವು ನಿಮಿಷ ಚೆನ್ನಾಗಿ ಓಡಿದ ಎಂಜಿನ್ನು ಇಂಧನಕ್ಕಾಗಿ ಬಾಯಿಬಿಡತೊಡಗುತ್ತದೆ. ನಿಲ್ಲಿಸಿ ತೊಟ್ಟಿಯ ಮುಚ್ಚಳವನ್ನು ತೆಗೆದರೆ ಗಾಳಿ ಸುಯ್ಯೆಂದು ಒಳನುಗ್ಗುತ್ತದೆ. ರೋಗಿ ತಾನಾಗಿಯೇ ಗುಣವಾದಂತೆ ಕಾಣುತ್ತದೆ. ಆ ಸುಯ್ಯೆಂಬ ಸದ್ದನ್ನು ಕೇಳಿಸಿಕೊಂಡವನು ಕಾರಣವನ್ನು ಕಂಡುಕೊಂಡ. ಕೇಳಿಸಿಕೊಳ್ಳದವನು ಮತ್ತೆ ಅದೇ ಕೆಲವು ನಿಮಿಷಗಳ ಆಯುಸ್ಸನ್ನು ತುಂಬಿಕೊಂಡು ಮೇಲೇರುತ್ತಾನೆ.

ಇಂಧನ ಸಾಕಷ್ಟು ಹರಿಯುತ್ತದೆಯೇ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ವಿಮಾನದ ಮೂತಿಯನ್ನು ಏರುವ ಭಂಗಿಯಲ್ಲಿ ಎತ್ತಿ ನಿಲ್ಲಿಸಿ, ಕಾರ್ಬುರೇಟರಿನ ಬಳಿ ಕೊಳವೆಯನ್ನು ಬಿಚ್ಚಿ, ಪಾತ್ರೆಯಲ್ಲಿ ಅಳೆದರಾಯಿತು. ತನ್ನ ಭಾರದಿಂದಲೇ ಇಳಿದು ಬರುವ ಇಂಧನವಾದರೆ ಎಂಜಿನ್ನು ಪೂರ್ಣ ಶಕ್ತಿಯಲ್ಲಿ ಕುಡಿಯುವುದರ ಒಂದೂವರೆ ಪಟ್ಟು, ಪಂಪಿನಿಂದ ಬರುವುದಾದರೆ ಒಂದೂಕಾಲು ಪಟ್ಟು ಹರಿಯಬೇಕು. ಗಂಟೆಗೆ 50 ಲೀಟರು ಕುಡಿಯುವ ಎಂಜಿನ್ನಿಗೆ ಪಂಪಿಲ್ಲದ ಏರ್ಪಾಡಿನಲ್ಲಿ 75 ಲೀಟರು, ಎಂದರೆ ನಿಮಿಷಕ್ಕೆ ಒಂದೂಕಾಲು ಲೀಟರು ಬೀಳಬೇಕು. ಬೆಂಕಿಯಿಂದ ದೂರವಾಗಿ, ಬಯಲಿನಲ್ಲಿ ಮಾಡಬೇಕಾದ ಪರೀಕ್ಷೆ ಇದು.

ಗಾಳಿಯೂ ಮಿಶ್ರಣದ ಅರ್ಧಭಾಗ. ಎಂಜಿನ್ನು ನಿಧಾನವಾಗಿ ತಿರುಗುವಾಗ ಒರಟಾಗಿದ್ದು, ಶಕ್ತಿ ಹೆಚ್ಚಿಸಿದಂತೆ ನಯವಾದರೆ ಗಾಳಿಯನ್ನು ಒಯ್ಯುವ ಕೊಳವೆಯ ಸಂದಿಯಲ್ಲೆಲ್ಲೋ ಬಿರುಕಿರಬಹುದು. ನಿಧಾನಗತಿಯಲ್ಲಿ ಆ ಕೊಳವೆಯೊಳಗಿನ ಒತ್ತಡ ಬಹಳ ಕಡಮೆಯಿರುವುದರಿಂದ ಹೊರಗಿನ ಗಾಳಿ ಬಿರುಕಿನ ಮೂಲಕ ನುಗ್ಗಿ ಆ ಸಿಲಿಂಡರಿನ ಮಿಶ್ರಣವನ್ನು ತೆಳುವಾಗಿಸುತ್ತದೆ. ಎಂಜಿನ್ನನ್ನು ನಿಲ್ಲಿಸಿ, ಕೊಳವೆಯೊಳಕ್ಕೆ ಹಗುರವಾಗಿ ಗಾಳಿ ಊದುತ್ತ ಸಂದಿಗಳಿಗೆ ಸಾಬೂನಿನ ನೀರು ಬಳಿದರೆ ಬಿರುಕಿರುವಲ್ಲಿ ಗುಳ್ಳೆಗಳೇಳುತ್ತವೆ.

ಈ ವರ್ಗದ ಇನ್ನೊಬ್ಬ ಅಪರಾಧಿ ಬಹಳ ಚತುರ. ಕಾರ್ಬುರೇಟರಿನ ಕಿರಿದಾದ ಗಂಟಲಿನಲ್ಲಿ ಗಾಳಿ ಹಿಗ್ಗುವುದರಿಂದಲೂ ಪೆಟ್ರೋಲು ಆವಿಯಾಗುವುದರಿಂದಲೂ ಉಷ್ಣತೆ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಗಾಳಿ ತೇವವಾಗಿದ್ದರೆ ಅಲ್ಲಿ ಹಿಮ ಕಟ್ಟಿ ಗಂಟಲನ್ನು ಹಿಸುಕುತ್ತದೆ. ಹೊರಗಿನ ಉಷ್ಣತೆ 21 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆಯಿದ್ದು ಆರ್ದ್ರತೆ ಶೇಕಡ 80ನ್ನು ಮೀರಿದಾಗ, ಎಂದರೆ ನಮ್ಮ ಮಡಿಕೇರಿಯ ಮಳೆಗಾಲದ ಮುಂಜಾನೆಯಂತಹ ಹವೆಯಲ್ಲಿ, ಇದರ ಭಯ ಹೆಚ್ಚು. 38 ಡಿಗ್ರಿಯ ಸೆಖೆಯಲ್ಲಿಯೂ ಇದು ಅಸಾಧ್ಯವೇನಲ್ಲ. ಇದಕ್ಕೆ ಮದ್ದು, ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನು ಕಾರ್ಬುರೇಟರಿಗೆ ತಿರುಗಿಸುವುದು. ಮದ್ದು ಕೊಟ್ಟೊಡನೆ ರೋಗ ಉಲ್ಬಣಿಸುತ್ತದೆ ಎಂಬುದೇ ಇದರ ವೈಚಿತ್ರ್ಯ. ಕರಗಿದ ಹಿಮದ ನೀರು ಎಂಜಿನ್ನಿನೊಳಕ್ಕೆ ಹೋಗಿ ಅದು ಮೊದಲಿಗಿಂತಲೂ ಹೆಚ್ಚು ಒದರಾಡುತ್ತದೆ. ಹೆದರಿ ಬಿಸಿಗಾಳಿಯನ್ನು ನಿಲ್ಲಿಸಿದವನು ಕೆಟ್ಟ. ತಾಳಿದವನಿಗೆ ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನ್ನು ಲಯಕ್ಕೆ ಮರಳುತ್ತದೆ. ಆತ ನೆಲಕ್ಕಿಳಿದು ಮುಚ್ಚಳ ತೆಗೆದು ನೋಡುವ ವೇಳೆಗೆ ಎಂಜಿನ್ನಿನ ಕಾವಿಗೆ ಹಿಮವೆಲ್ಲ ಕರಗಿ, ಸಾಕ್ಷ್ಯವೇ ಮಾಯವಾಗಿರುತ್ತದೆ. ಆ ದಿನದ ಉಷ್ಣತೆ, ಆರ್ದ್ರತೆಗಳನ್ನು ಬರೆದಿಟ್ಟುಕೊಂಡವನಿಗೆ ಮಾತ್ರ ಅದರ ಜಾಡು ಸಿಗುತ್ತದೆ.

ಮೂರನೆಯದು ಸಂಪೀಡನ. ಪಿಸ್ಟನ್ ಮೇಲುತುದಿಯಲ್ಲಿರುವಾಗ ಸಿಲಿಂಡರಿಗೆ ಚದರ ಅಂಗುಲಕ್ಕೆ 80 ಪೌಂಡು ಒತ್ತಡದ ಗಾಳಿಯನ್ನು ಬಿಟ್ಟು, ಎಷ್ಟು ನಿಲ್ಲುತ್ತದೆಂದು ಅಳೆಯುತ್ತಾರೆ. ಆ ಒತ್ತಡಕ್ಕೆ ಪ್ರೊಪೆಲರು ರಪ್ಪನೆ ತಿರುಗಬಹುದಾದ್ದರಿಂದ ಇನ್ನೊಬ್ಬರು ಅದನ್ನು ಭದ್ರವಾಗಿ ಹಿಡಿದಿರಬೇಕು. ಅಂಕಿಗಿಂತಲೂ ಇಲ್ಲಿ ಉಪಯುಕ್ತವಾದದ್ದು ಕಿವಿ. ಸೋರುವ ಗಾಳಿಯ ಸದ್ದು ಹೊಗೆಕೊಳವೆಯಲ್ಲಿ ಕೇಳಿದರೆ ಹೊರಕವಾಟ, ಕಾರ್ಬುರೇಟರಿನಲ್ಲಿ ಕೇಳಿದರೆ ಒಳಕವಾಟ, ಎಣ್ಣೆ ಹೊಯ್ಯುವ ಬಾಯಲ್ಲಿ ಕೇಳಿದರೆ ಪಿಸ್ಟನ್ನಿನ ಬಳೆಗಳು ಸವೆದಿವೆಯೆಂದು ಅರ್ಥ. ಹೊರಕವಾಟದ ಇನ್ನೊಂದು ರೋಗವನ್ನು ಅಮೆರಿಕದ ಕುಶಲಕರ್ಮಿಗಳು ತಮಾಷೆಯಾಗಿ ಬಸುರಿಯರ ಬೆಳಗಿನ ವಾಕರಿಕೆಯ ಹೆಸರಿನಿಂದ ಕರೆಯುತ್ತಾರೆ. ಕವಾಟದ ಕಾಂಡ ಜಾರುವ ದಾರಿಯಲ್ಲಿ ಕರಿ ಕಟ್ಟಿಕೊಂಡು, ತಣ್ಣಗಿರುವ ಮುಂಜಾನೆ ಕವಾಟ ಅಂಟಿಕೊಳ್ಳುತ್ತದೆ. ಒಂದೆರಡು ನಿಮಿಷ ಎಂಜಿನ್ನು ಕುಂಟುತ್ತದೆ, ಬಿಸಿಯಾದಂತೆ ಸರಿಹೋಗುತ್ತದೆ. ಸರಿಹೋಯಿತಲ್ಲ ಎಂದು ಹಾರಿಬಿಡುವುದು ಸುಲಭ. ಆದರೆ ಅಂಟುವ ಕವಾಟ ಒಂದು ದಿನ ಬಿಡದೆ ಅಂಟಿಕೊಂಡು, ತನ್ನನ್ನು ತಳ್ಳುವ ಸಲಾಕೆಯನ್ನೇ ಬಾಗಿಸಿಬಿಡಬಲ್ಲದು.

ನಾಲ್ಕೂ ಸಿಲಿಂಡರುಗಳು ಸಮವಾಗಿ ಬಿಸಿಯಾಗಿ, ಹೊಗೆಕೊಳವೆಯ ಸದ್ದು ಏಕರೂಪವಾಗಿದ್ದೂ ವಿಮಾನ ನಡುಗುತ್ತಿದ್ದರೆ, ಅಪರಾಧಿ ಎಂಜಿನ್ನೇ ಅಲ್ಲದಿರಬಹುದು. ಪ್ರೊಪೆಲರಿನ ಅಲಗುಗಳ ತೂಕದಲ್ಲಿ ಅಸಮತೆ, ಎಂಜಿನ್ನನ್ನು ಹೊತ್ತ ರಬ್ಬರ್ ದಿಂಬುಗಳ ಸವೆತ, ಇವುಗಳನ್ನೂ ನೋಡಬೇಕು. ಮರದ ಪ್ರೊಪೆಲರಂತೂ ಋತುಗಳಿಗೆ ಸ್ಪಂದಿಸುವ ಜೀವಿ. ಒಣಹವೆಯಲ್ಲಿ ಮರ ಕುಗ್ಗಿ ಬೋಲ್ಟುಗಳು ಸಡಿಲಗೊಳ್ಳುತ್ತವೆ. ಅವುಗಳ ಬಿಗಿಯನ್ನು ಆಗಾಗ ಅಳೆದು ಸರಿಪಡಿಸುತ್ತಿರಬೇಕು.

ಇಷ್ಟು ಹೇಳಿದ ಮೇಲೆ ಈ ವಿಚಾರಣೆಯ ವಿಧಿಯನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್ಗನ್ನು ಬದಲಿಸಿ, ಕಾರ್ಬುರೇಟರನ್ನು ತೊಳೆದು, ತಂತಿಯನ್ನು ಬಿಗಿದು, ಎಲ್ಲವನ್ನೂ ಒಂದೇ ಸಂಜೆ ಮಾಡಿ ಮುಗಿಸಿದರೆ ಎಂಜಿನ್ನು ಸರಿಹೋಗಬಹುದು. ಆದರೆ ಸರಿಹೋದದ್ದು ಯಾವುದರಿಂದ ಎಂಬುದು ಗೊತ್ತಾಗುವುದಿಲ್ಲ. ಮೂರರಲ್ಲಿ ಒಂದನ್ನು ಬಿಚ್ಚಿ ಕಟ್ಟುವಾಗ ಹೊಸದೊಂದು ದೋಷವೂ ಒಳಗೆ ಸೇರಿರಬಹುದು. ಕಾರಣ ತಿಳಿಯದೆ ಮಾಯವಾದ ದೋಷ ಹೇಳದೆ ಕೇಳದೆ ಮರಳಿ ಬರುತ್ತದೆ.

ಒಮ್ಮೆ ಹಾರಿಸಿಯೇ ನೋಡಿಬಿಡೋಣ, ಒಂದೇ ಒಂದು ಸುತ್ತು ಎಂಬ ಯೋಚನೆ ಹುಟ್ಟುವುದು ಇಂತಹ ಸಂಜೆಗಳಲ್ಲಿಯೇ. ನೆಲದ ಮೇಲೆ ಒರಟಾದ ಎಂಜಿನ್ನು ಒಂದು ತೊಂದರೆ ಮಾತ್ರ. ರನ್‌ವೇ ದಾಟಿ 200 ಅಡಿ ಎತ್ತರದಲ್ಲಿ, ಮೂತಿ ಮೇಲೆತ್ತಿರುವಾಗ ಅದೇ ಒರಟುತನ ಮೌನಕ್ಕೆ ತಿರುಗಿದರೆ, ಮೂತಿಯನ್ನು ತಗ್ಗಿಸಿ ಎದುರಿಗಿರುವ ಜಾಗದಲ್ಲಿ ಇಳಿಯುವುದೊಂದೇ ದಾರಿ. ಹಿಂದಕ್ಕೆ ತಿರುಗಿ ರನ್‌ವೇಗೇ ಬರಲೆತ್ನಿಸಿ, ವೇಗ ಕಳೆದುಕೊಂಡು ಬಿದ್ದು ಸತ್ತವರುಂಟು. ತನ್ನ ವಿಮಾನವನ್ನು ಮುರಿಯದೆ ರನ್‌ವೇಗೇ ತರಬೇಕೆಂಬ ಮಮತೆ ಎಷ್ಟು ಬಲವಾದದ್ದೆಂಬುದನ್ನು ಕಟ್ಟಿದವರೇ ಬಲ್ಲರು. ಆದ್ದರಿಂದ ಆ ಮಮತೆ ಪರೀಕ್ಷೆಗೆ ಒಳಗಾಗುವ ಸಂದರ್ಭವೇ ಬಾರದಂತೆ ನೆಲದ ಮೇಲೆಯೇ ನೋಡಿಕೊಳ್ಳಬೇಕು. ಎಂಜಿನ್ನಿನ ಪ್ರೀತಿಯಿಲ್ಲದ ಇನ್ನೊಬ್ಬ ಕುಶಲಕರ್ಮಿಯನ್ನು ಕರೆದು, ತಾನು ಬರೆದಿಟ್ಟ ಉತ್ತರಗಳನ್ನು ಅವನಿಗೆ ತೋರಿಸುವುದು ಇದಕ್ಕೆ ಒಳ್ಳೆಯ ದಾರಿ.

ಕಾರಣ ಸಿಕ್ಕಿತೆಂದು ಹೇಳುವುದು ಯಾವಾಗ? ಎಂಜಿನ್ನು ನಯವಾದಾಗ ಎಂದರೆ ಸಾಲದು. ತೆಗೆದ ಪ್ಲಗ್ಗನ್ನು ನೆಲದ ಮೇಲೆಯೇ ಮತ್ತೆ ಹಾಕಿದರೆ ಒರಟುತನ ಮರಳಬೇಕು. ಹೊಸದನ್ನು ಹಾಕಿದರೆ ಹೋಗಬೇಕು. ದೋಷವನ್ನು ಬೇಕೆಂದಾಗ ಬರಿಸಿ ಬೇಡವೆಂದಾಗ ಹೋಗಿಸಬಲ್ಲವನಿಗೆ ಮಾತ್ರ ಅದರ ಕಾರಣ ತಿಳಿದಿದೆ. ಬಿಸಿಯಾದ ಎಂಜಿನ್ನನ್ನು ಒಮ್ಮೆ ಪೂರ್ಣ ಶಕ್ತಿಯಲ್ಲಿ ಓಡಿಸಿ, ನಾಲ್ಕೂ ಉಷ್ಣತೆಗಳನ್ನೂ ಎರಡೂ ಮ್ಯಾಗ್ನೆಟೋಗಳ ಇಳಿತವನ್ನೂ ಬರೆದಿಟ್ಟು, ಮೂತಿಯ ಮುಚ್ಚಳವನ್ನು ತೆಗೆದು ಸೋರಿಕೆಯಿಲ್ಲವೆಂದು ಕಣ್ಣಾರೆ ನೋಡಿದ ಮೇಲೆ ಆತ ಆಕಾಶದ ಕಡೆಗೆ ಮುಖ ಮಾಡಬಹುದು.